ಶ್ಯಾಮಲಮ್ಮ ತೊಳೆಯದೆ ಬಿಟ್ಟ ಸ್ಪಂಜು

ಮಂಡಿಕಲ್ ಸುತ್ತಿನ ಹಳ್ಳಿಗಳಲ್ಲಿ ಕೊಳೆಯ ಮೇಲೆ ಯುದ್ಧ ಸಾರಿ, ಇಷ್ಟು ವರ್ಷ ಒಮ್ಮೆಯೂ ಸೋಲದವರು ಯಾರು ಎಂದು ಕೇಳಿದರೆ ಯಾರೂ ತಲೆ ಕೆರೆದುಕೊಳ್ಳಬೇಕಾಗಿಲ್ಲ. ಶ್ಯಾಮಲಮ್ಮ. ಬೇರೆ ಮನೆಗಳಲ್ಲಿ ಜನ ಕೊಳೆ ಕಂಡರೆ ಹೇಸುತ್ತಾರೆ. ಈ ಮನೆಯಲ್ಲಿ ಕೊಳೆಯೇ ಶ್ಯಾಮಲಮ್ಮನನ್ನು ಕಂಡು ಬೇಲಿ ಹಾರುತ್ತಿತ್ತು. ಐವತ್ತೈದು ದಾಟಿದ ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಡಗೈಲಿ ಬ್ಲೀಚಿಂಗ್ ಪೌಡರ್ ಕದಡಿದ ಬಕೆಟ್ಟು, ಬಲಗೈಲಿ ಕಡ್ಡಿಪೊರಕೆ ಹಿಡಿದು ಅಂಗಳಕ್ಕೆ ಇಳಿದರೆ ಕೋಳಿಗಳು ಕೂಡ ಕಾಲು ಎತ್ತೆತ್ತಿ ಇಡುತ್ತಿದ್ದವು.

ಇದು ಬರೀ ಮಡಿಯ ಹುಚ್ಚಲ್ಲ. ಆ ಮನೆ ಎದ್ದು ನಿಂತಿದ್ದೇ ರೇಷ್ಮೆ ಹುಳುವಿನ ಮೇಲೆ. ಹುಳು ಎಂಬುದು ಎಂಥ ಸುಕುಮಾರ ಜೀವವೆಂದರೆ, ಯಾರದೋ ಕಾಲಿನ ಧೂಳು ಸಾಕು, ಹಾಲುತೊಂಡೆಯೋ ಸುಣ್ಣಕಟ್ಟೋ ಎಂಬ ರೋಗ ಬಂದು ತಟ್ಟೆಗೆ ತಟ್ಟೆಯೇ ಮಲಗಿಬಿಡುತ್ತದೆ. ಶ್ಯಾಮಲಮ್ಮನ ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ತಟ್ಟೆ ಇರುತ್ತಿತ್ತು. ಅದರಲ್ಲಿ ಕಾಲಿಡದೆ ಗಂಡನಿಗೂ ಪ್ರವೇಶವಿರಲಿಲ್ಲ. ಒಮ್ಮೆ ತಪಾಸಣೆಗೆ ಬಂದ ಸಾಹೇಬರೊಬ್ಬರು ಬೂಟು ಬಿಚ್ಚಿ, ಪ್ಯಾಂಟು ಮಡಿಸಿ, ಮೊದಲ ದಿನ ಶಾಲೆಗೆ ಸೇರಿದ ಮಗುವಿನ ಹಾಗೆ ಆ ತಟ್ಟೆಯಲ್ಲಿ ನಿಂತಿದ್ದನ್ನು ಊರು ಇನ್ನೂ ಮರೆತಿಲ್ಲ. ತಟ್ಟೆ, ಬಲೆ, ಹುಳು ಗೂಡು ಕಟ್ಟುವ ಚಂದ್ರಿಕೆ, ಗೋಡೆ, ನೆಲ ಎಲ್ಲಕ್ಕೂ ತೊಳೆತ, ಒಣಗಿಸಿ ಮತ್ತೆ ತೊಳೆತ. ಅವಳ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದರೆ ನೂಲು ಬಿಚ್ಚುವ ರೀಲರುಗಳು ಕೈಯಲ್ಲಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ತಲೆದೂಗುತ್ತಿದ್ದರು. ಊರಿನಲ್ಲಿ ಯಾರ ಮನೆಗೆ ಹೊಸ ಹುಳುಮರಿ ಬಂದರೂ ಮೊದಲ ಹಿಡಿ ಸೊಪ್ಪು ಶ್ಯಾಮಲಮ್ಮನ ಕೈಯಿಂದಲೇ ಬೀಳಬೇಕು. ಅಂಥ ಕೈಗುಣ.

ಆ ಕೈ ಸುಮ್ಮನಿರುತ್ತಿದ್ದುದು ಒಂದೇ ಹೊತ್ತು. ಹುಳು ಪೊರೆ ಬಿಡುವ ಮುಂಚೆ ತಲೆಯೆತ್ತಿಕೊಂಡು, ಸೊಪ್ಪು ಬಿಟ್ಟು, ಅಲುಗದೆ ಕೂತುಬಿಡುತ್ತದೆ. ಇದಕ್ಕೆ ರೈತರು ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕಬಾರದು, ಹಿಕ್ಕೆ ತೆಗೆಯಬಾರದು, ತಟ್ಟೆ ಅಲುಗಿಸಬಾರದು, ಗಟ್ಟಿಯಾಗಿ ಮಾತೂ ಆಡಬಾರದು. ಆಗ ಶ್ಯಾಮಲಮ್ಮ ಹುಳುಮನೆಯ ಹೊಸ್ತಿಲಾಚೆ ಕೈಕಟ್ಟಿ ಕೂತಿರುತ್ತಿದ್ದಳು. ಗಂಡ ಮುನಿಶಾಮಪ್ಪ ಪಿಸುಗುಟ್ಟುತ್ತಿದ್ದ, "ಈ ಹುಳುಗಳಿಗೆ ಜ್ವರ ಬಂದ್ರೇನೇ ನೋಡು ನಮ್ಗೆ ಆರೋಗ್ಯ."

ಇಂಥ ಸಾಮ್ರಾಜ್ಯಕ್ಕೆ ಮೂರು ವರ್ಷದ ಹಿಂದೆ ಚಿಂತಾಮಣಿಯಿಂದ ಹರಿತಾ ಸೊಸೆಯಾಗಿ ಬಂದಳು. ಮಿಕ್ಕ ಸೊಸೆಯರ ಹಿಂದೆ ಟೆಂಪೋದಲ್ಲಿ ಬೀರು, ಮಂಚ ಬರುತ್ತವೆ. ಇವಳು ಕಾರಿನಿಂದ ಇಳಿಯುವಾಗ ತೊಡೆಯ ಮೇಲಿಂದ ಎರಡಡಿ ಉದ್ದದ ಗಾಜಿನ ತೊಟ್ಟಿಯೊಂದನ್ನು ಗಂಡ ಸುನೀಲ್‌ಕುಮಾರನ ಕೈಗೆ ದಾಟಿಸಿ, ಇನ್ನೊಂದು ಕೈಲಿ ಮೀನು ತುಂಬಿದ ಪ್ಲಾಸ್ಟಿಕ್ ಚೀಲ ಹಿಡಿದು, ಬಲಗಾಲಿಟ್ಟು ಒಳಗೆ ಬಂದಳು. ಚೀಲದಲ್ಲಿ ನಾಲ್ಕು ಮಾಮೂಲಿ ಚಿನ್ನದ ಮೀನು, ಜೊತೆಗೆ ಬಿಳಿ ಮೈಯ, ತಲೆಯ ಮೇಲೆ ಕೆಂಪು ಗುಬುಟು ಹೊತ್ತ ದಪ್ಪನೆಯ ಒಂದು ಮೀನು. ಪೇಟ ಸುತ್ತಿಕೊಂಡು ಪಂಚಾಯ್ತಿಗೆ ಹೊರಟ ಹಿರಿಯನಂತೆ ಅದು ನಿಧಾನವಾಗಿ, ಯಾರನ್ನೂ ಲೆಕ್ಕಿಸದೆ ತಿರುಗುತ್ತಿತ್ತು. ಹರಿತಾ ಅದನ್ನು ಗೌಡ್ರು ಎನ್ನುತ್ತಿದ್ದಳು.

"ಸರಿಹೋಯ್ತು, ಮನೇಲಿ ಇಬ್ರು ಗೌಡ್ರಾದ್ರು," ಎಂದು ಮುನಿಶಾಮಪ್ಪ ಖುಷಿಪಟ್ಟ.

"ಅವ್ರು ಬಾಯಿ ತೆಗೆದ್ರೂ ಸದ್ದು ಬರಲ್ಲ. ಅಷ್ಟು ವ್ಯತ್ಯಾಸ," ಎಂದಳು ಶ್ಯಾಮಲಮ್ಮ.

ನಿಂತ ನೀರು ಎಂದರೆ ಆಕೆಗೆ ಆಗದು. ಆದರೂ ಸೊಸೆ ಬಾಯಿ ಬಿಟ್ಟು ಕೇಳಿದ ಒಂದೇ ಜಾಗ ಎಂದು ನಡುಮನೆಯ ಕಲ್ಲುಚಪ್ಪಡಿ ಬಿಟ್ಟುಕೊಟ್ಟಳು. ತೊಟ್ಟಿ ಹರಿತಾಳದು, ಮಿಕ್ಕ ಮನೆ ತನ್ನದು ಎಂದು ಗಡಿ ಬಿತ್ತು. ಮೂರು ವರ್ಷ ಆ ಗಡಿಯಲ್ಲಿ ಒಂದು ಗುಂಡೂ ಹಾರಲಿಲ್ಲ.

ಈ ವರ್ಷ ಹರಿತಾ ಬಸುರಿಯಾದಳು. ಏಳನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಯಿತು.

ಆಸ್ಪತ್ರೆಯಿಂದ ಅವಳು ಮನೆಗೆ ಬರುವಷ್ಟರಲ್ಲಿ ಶ್ಯಾಮಲಮ್ಮ ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿ ಮುಗಿಸಿದ್ದಳು. ಕೋಣೆಗೆ ಸುಣ್ಣ ಹೊಡೆಸಿದ್ದಳು. ಹಾಸಿಗೆ, ಪರದೆ, ಕಂಬಳಿ, ಅಟ್ಟದಿಂದ ಇಳಿಸಿದ್ದ ತೊಟ್ಟಿಲು, ಹಳೇ ಸೀರೆ ಹರಿದು ಮಾಡಿಟ್ಟಿದ್ದ ಮಗುವಿನ ಬಟ್ಟೆ, ಎಲ್ಲವನ್ನೂ ತೊಳೆದು, ಒಣಗಿಸಿ, ಕಣ್ಣಿಗೆ ಬೀಳದ ಕಡೆ ಸೇರಿಸಿದ್ದಳು. ರೋಗ ಬಿದ್ದ ಹುಳುಮನೆಯನ್ನು ಮುಂದಿನ ಬೆಳೆಗೆ ಸಿದ್ಧಮಾಡುವುದು ಹೀಗೆಯೇ. ಆ ಬಟ್ಟೆಗಳ ನಡುವೆ ಹರಿತಾ ಕ್ರೋಶಾದಲ್ಲಿ ಹೆಣೆದಿದ್ದ ಅಂಗೈಯಷ್ಟಗಲದ ಒಂದು ಟೋಪಿಯೂ ಇತ್ತು. ಅರಿಶಿನದ ಬಣ್ಣದ ಉಲ್ಲನ್ ದಾರದ್ದು. ಬ್ಲೀಚಿಂಗ್ ನೀರಿನಿಂದ ಎತ್ತಿದಾಗ ಬಣ್ಣ ಅಲ್ಲಲ್ಲಿ ಹಾರಿ, ಟೋಪಿ ತೊನ್ನು ಹತ್ತಿದಂತಾಗಿತ್ತು. ಶ್ಯಾಮಲಮ್ಮ ಅದನ್ನು ಹಿಡಿದು ಸ್ವಲ್ಪ ಹೊತ್ತು ಬಿಸಿಲಿನಲ್ಲಿ ನಿಂತಳು. ಆಮೇಲೆ ಯಾರಿಗೂ ಕಾಣದಂತೆ ತನ್ನ ಟ್ರಂಕಿನಲ್ಲಿ, ಧಾರೆ ಸೀರೆಯ ಕೆಳಗೆ ಇಟ್ಟಳು.

ಹರಿತಾ ಬೆಳ್ಳಗಿನ ಕೋಣೆಯಲ್ಲಿ ಕೂತು ನಾಲ್ಕೂ ಗೋಡೆ ನೋಡಿದಳು. "ಟೋಪಿ ಎಲ್ಲಿಟ್ರಿ ಅತ್ತೆ?"

"ಅದ್ಯಾಕಮ್ಮ ಈಗ? ಎಲ್ಲಾ ತೊಳೆದು ಎತ್ತಿಟ್ಟಿದೀನಿ. ನೀನು ಮಲ್ಕೋ."

ಹರಿತಾ ಗೋಡೆಯ ಕಡೆ ಹೊರಳಿದಳು. ಅತ್ತಿದ್ದರೆ ಶ್ಯಾಮಲಮ್ಮನಿಗೆ ಏನಾದರೂ ಮಾಡಲು ಬರುತ್ತಿತ್ತು, ನೀರು ಕೊಡಲೋ, ಬೆನ್ನು ಸವರಲೋ. ಆ ಹುಡುಗಿ ಅಳಲಿಲ್ಲ. ಕೆಲವು ದಿನ ಬಿಟ್ಟು ತಾಯಿ ಬಂದು ಚಿಂತಾಮಣಿಗೆ ಕರೆದುಕೊಂಡು ಹೊರಟಾಗ ತೊಟ್ಟಿಯ ಮುಂದೆ ಒಂದು ಗಳಿಗೆ ನಿಂತಳು. ಹಳೆಯ ಫಿಲ್ಟರಿನ ಮೋಟಾರು ಅದೇ ವಾರ ಸುಟ್ಟುಹೋಗಿತ್ತು. ಮೊದಲೇ ತಂದಿಟ್ಟಿದ್ದ ಹೊಸದು ಇನ್ನೂ ಕವರಿನಲ್ಲೇ ಇತ್ತು.

"ಅತ್ತೆ, ಇವ್ರನ್ನ ನೋಡ್ಕೊಳ್ತೀರಾ? ಈ ಫಿಲ್ಟರ್ ಸುನೀಲ್ ಕೈಲಿ ಹಾಕಿಸಿ. ನಾನ್ ಬರೋವರ್ಗೂ..." ಮಾತು ಅಲ್ಲಿಗೇ ನಿಂತಿತು. "ಇವಾದ್ರೂ ಇರ್ಲಿ."

"ನನ್ ಕೈಗೆ ಕೊಟ್ಟಿದ್ದೀಯ, ಬಿಡು," ಎಂದಳು ಶ್ಯಾಮಲಮ್ಮ. ಸಾವಿರಾರು ಹುಳು ಸಾಕಿದವಳಿಗೆ ಐದು ಮೀನು ಯಾವ ಲೆಕ್ಕ?

ಅದೇ ಸಂಜೆ ನಡುಮನೆಯಲ್ಲಿ ಫಿಲ್ಟರಿನ ಪ್ರತಿಷ್ಠಾಪನೆ. ಕವರು ಬಿಚ್ಚಿದರೆ ಒಳಗೆ ಏನಿದೆ ಮಹಾ! ಕೊಳವೆ ತೂರಿಸಲು ನಡುವೆ ತೂತಿರುವ ಒಂದು ಕಪ್ಪು ಸ್ಪಂಜು, ಅದರ ಕೆಳಗೆ ಕೂರಿಸುವ ಭಾರದ ಬಿಲ್ಲೆ, ನಡುವೆ ನಿಲ್ಲುವ ಪ್ಲಾಸ್ಟಿಕ್ ಕೊಳವೆ, ಗ್ಲೂಕೋಸ್ ಏರಿಸುವಂಥ ಸಣ್ಣ ಟ್ಯೂಬು, ಮುಷ್ಟಿಗಾತ್ರದ ಗಾಳಿಪಂಪು. ಪಂಪು ಗಾಳಿ ಊದುತ್ತದೆ, ಗಾಳಿ ಗುಳ್ಳೆಯಾಗಿ ಕೊಳವೆಯಲ್ಲಿ ಮೇಲಕ್ಕೇಳುತ್ತದೆ, ಅದರ ಹಿಂದೆಯೇ ನೀರು ಸ್ಪಂಜಿನ ಮೂಲಕ ಒಳಗೆ ನುಗ್ಗುತ್ತದೆ, ಕಸ ಸ್ಪಂಜಿನಲ್ಲಿ ನಿಲ್ಲುತ್ತದೆ. ಅಷ್ಟೆ. ಸುನೀಲ್‌ಕುಮಾರ ಹಾಲಿನ ಸೊಸೈಟಿಯ ಕಾರ್ಯದರ್ಶಿ, ಲೀಟರುಗಳ ಲೆಕ್ಕದಲ್ಲಿ ಪಳಗಿದವನು. ಇಲ್ಲಿ ಟ್ಯೂಬಿನ ಯಾವ ತುದಿ ಯಾವುದಕ್ಕೆ ಎಂದು ತಿಳಿಯದೆ ಬೆವೆತ.

"ತಾ ಇಲ್ಲಿ," ಎಂದು ಶ್ಯಾಮಲಮ್ಮ ಸ್ಪಂಜನ್ನು ಮೊದಲು ಬ್ಲೀಚಿಂಗ್ ನೀರಿನಲ್ಲಿ ಅದ್ದಿ ತೆಗೆದಳು. ಹೊಸ ಸೊಸೆಯನ್ನು ಬಿಟ್ಟರೆ ಈ ಸ್ನಾನವಿಲ್ಲದೆ ಆ ಮನೆ ಹೊಕ್ಕ ವಸ್ತುವೇ ಇಲ್ಲ. ಜೊತೆಗೆ ತೊಟ್ಟಿಯ ಕಲ್ಲುಗಳನ್ನೂ ಅಕ್ಕಿ ತೊಳೆದಂತೆ ತಿಕ್ಕಿ ತೊಳೆದಳು.

ತೊಟ್ಟಿಗೆ ಇಳಿಸಿದರೆ ಸ್ಪಂಜು ಮುಳುಗಲೊಲ್ಲದು. ಒತ್ತಿ ಹಿಡಿದರೆ ಕೆಳಗೆ, ಕೈಬಿಟ್ಟರೆ ಬಿಲ್ಲೆಯನ್ನೂ ಎತ್ತಿಕೊಂಡು ಮೇಲೆ. ಚಿಂತಾಮಣಿಗೆ ಫೋನು ಹೋಯಿತು.

"ನೀರೊಳಗೇ ಹಿಡ್ಕೊಂಡು ಚೆನ್ನಾಗಿ ಹಿಂಡಿ ಅತ್ತೆ. ಗಾಳಿ ಎಲ್ಲಾ ಹೋಗ್ಬೇಕು. ಪಂಪ್ ಮಾತ್ರ ನೀರಿಗಿಂತ ಎತ್ತರದಲ್ಲಿರ್ಲಿ. ಇಲ್ದಿದ್ರೆ ಕರೆಂಟ್ ಹೋದಾಗ ಟ್ಯೂಬಲ್ಲಿ ನೀರು ವಾಪಸ್ ಹತ್ತುತ್ತೆ."

ಎತ್ತರದ ಜಾಗ ಎಂದರೆ ದೇವರ ಪಟಗಳ ಹಲಗೆ. ವೆಂಕಟರಮಣಸ್ವಾಮಿಯ ಎಡಕ್ಕೆ ಪಂಪು ಕೂತಿತು. ಸ್ವಿಚ್ಚು ಒತ್ತಿದ್ದೇ ಗುಂಯ್ ಎಂದು ಸದ್ದು, ಕೊಳವೆಯ ಬಾಯಲ್ಲಿ ಗುಳುಗುಳು ಗುಳ್ಳೆ. ಶ್ಯಾಮಲಮ್ಮ ಪಂಪಿಗೂ ಕುಂಕುಮ ಇಟ್ಟು ಕೈಮುಗಿದಳು. ಗೌಡ್ರು ಗುಳ್ಳೆಗಳ ಮುಂದೆ ಬಂದು ನಿಂತು, ಹೊಸ ಬೋರ್‌ವೆಲ್ ಉದ್ಘಾಟನೆಗೆ ಬಂದವರಂತೆ ಬಾಯಿ ತೆರೆದು ಮುಚ್ಚಿದರು.

ಮಾರನೆ ಬೆಳಗ್ಗೆ ನೋಡಿದರೆ ಸ್ಪಂಜಿನ ಮೇಲೆ ಹಿಕ್ಕೆಯ ಎಳೆ ಅಂಟಿತ್ತು. ಶ್ಯಾಮಲಮ್ಮನ ಮೈ ಉರಿಯಿತು. ಇದು ಫಿಲ್ಟರೋ, ತಿಪ್ಪೆಯೋ? ಸ್ಪಂಜು ಹೊರಗೆ ಬಂತು. ಬ್ಲೀಚಿಂಗ್ ನೀರಿನಲ್ಲಿ ನೆನೆಯಿತು, ಬೋರ್ ನೀರಿನಲ್ಲಿ ಜಾಲಾಡಿಸಿಕೊಂಡಿತು, ಹೆಂಚಿನ ಮೇಲೆ ಬಿಸಿಲು ಕಾಯಿತು, ಮಧ್ಯಾಹ್ನ ಒಳಗೆ ಹೋಯಿತು. ಸಂಜೆ ಮತ್ತೆ ಹೊರಗೆ. ಅಂದಿನಿಂದ ಇದೇ ನೇಮ. ಸ್ಪಂಜು ಅಂಗಡಿಯಿಂದ ಬಂದಾಗ ಇದ್ದದ್ದಕ್ಕಿಂತ ಚೊಕ್ಕಟವಾಗಿ ನಳನಳಿಸಿತು.

ಮೊದಲ ಚಿನ್ನದ ಮೀನು ಅದೇ ವಾರ ತೇಲಿತು. ಕಾರಣ ಸ್ಪಷ್ಟವಾಗಿತ್ತು, ಎಲ್ಲೋ ಕೊಳೆ ಉಳಿದಿದೆ. ಶ್ಯಾಮಲಮ್ಮ ಪೌಡರು ಹೆಚ್ಚಿಸಿದಳು. ಎರಡನೆಯದು ಹೋಯಿತು. ಕಲ್ಲನ್ನು ಬಿಸಿನೀರಲ್ಲಿ ಕುದಿಸಿದಳು. ಮೂರನೆಯದು ಹೋಯಿತು. ಅದರ ಹಿಂದೆ ನಾಲ್ಕನೆಯದು. ಮೀನುಗಳನ್ನು ಹಿಪ್ಪುನೇರಳೆ ಗಿಡದ ಬುಡದಲ್ಲಿ ಹೂಳುತ್ತ ಬಂದ ಮುನಿಶಾಮಪ್ಪ ಕೊನೆಯ ಸಲ ಗುದ್ದಲಿ ಇಟ್ಟು ಹೇಳಿದ, "ಲೇ, ಇವಕ್ಕೆ ರೋಗ ಅಲ್ಲ ಕಣೇ ಬಂದಿರೋದು. ನೀನು ಬಂದಿದ್ದೀಯ."

ದಿನವೂ ಹೆಂಡತಿಯ ಸಿಡಿಲಿಗೆ ಕಾದು ಮಾತಾಡುವ ಮನುಷ್ಯ ಆತ. ಅವತ್ತು ಸಿಡಿಲು ಬರಲಿಲ್ಲ. ಶ್ಯಾಮಲಮ್ಮ ತನ್ನ ಅಂಗೈ ನೋಡಿಕೊಳ್ಳುತ್ತ ಕೂತಿದ್ದಳು. ಮುನಿಶಾಮಪ್ಪ ಗುದ್ದಲಿ ಎತ್ತಿಕೊಂಡು ಮೆಲ್ಲಗೆ ಹೊರಗೆ ಹೋದ.

ಪ್ರತಿ ಸಂಜೆ ಹರಿತಾಳ ವಿಡಿಯೋ ಕಾಲ್ ಬರುತ್ತಿತ್ತು. ಶ್ಯಾಮಲಮ್ಮ ಫೋನನ್ನು ಗೌಡ್ರ ಮುಖಕ್ಕೇ ಹಿಡಿದು, ಅವರು ಎತ್ತ ಹೋದರೆ ಅತ್ತ ಹೋಗುತ್ತಿದ್ದಳು.

"ಮಿಕ್ಕವ್ರೆಲ್ಲಿ ಅತ್ತೆ?"

"ಕಲ್ಲಿನ ಹಿಂದೆ ಅವೆ ಕಣಮ್ಮ. ನಾಚ್ಕೆ ಅವಕ್ಕೆ."

"ಮೂರು ವರ್ಷದಿಂದ ಇಲ್ದಿರೋ ನಾಚ್ಕೆ?"

"ನೀನಿಲ್ವಲ್ಲ, ಅದಕ್ಕೇ."

"ಮುಂದಿನ ವಾರ ಬರ್ತೀನಿ ಅತ್ತೆ," ಎಂದಳು ಹರಿತಾ ಒಂದು ಸಂಜೆ.

ಫೋನಿಟ್ಟು ನೋಡಿದರೆ ಗೌಡ್ರು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಏದುಸಿರು ಬಿಡುತ್ತಿದ್ದರು. ಶ್ಯಾಮಲಮ್ಮ ತೊಟ್ಟಿಯ ಮುಂದೆ ಕುಕ್ಕರಿಸಿದಳು. ಒಂದು ಮಗುವನ್ನು ಕಳಕೊಂಡು ಹೋದವಳು ತಿರುಗಿ ಬಂದು ಖಾಲಿ ತೊಟ್ಟಿ ನೋಡಬೇಕೆ? ಇವಾದರೂ ಇರಲಿ ಎಂದು ಕೊಟ್ಟು ಹೋಗಿದ್ದಳಲ್ಲ.

ಮಾರನೆಯ ದಿನ ಶ್ಯಾಮಲಮ್ಮ ಮಂಡಿಕಲ್ಲಿನಲ್ಲಿ ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋದಳು. ಮನಸ್ಸಿನಲ್ಲಿ ಇದ್ದ ಉಪಾಯ ರಾಜನೀತಿಯದು. ಸತ್ತವುಗಳನ್ನೇ ಹೋಲುವ ನಾಲ್ಕು ಮೀನು ತರುವುದು, ಸೊಸೆಗೆ ಗೊತ್ತಾಗದಂತೆ ತುಂಬುವುದು. ಬಸ್‌ಸ್ಟ್ಯಾಂಡಿನ ಆಚೆ ಬೀದಿಯಲ್ಲಿ ಜಗನ್ ಎಂಬವನ ಮೀನಿನ ಅಂಗಡಿ ಇತ್ತು. ಗೋಡೆಯುದ್ದಕ್ಕೂ ತೊಟ್ಟಿ, ತೊಟ್ಟಿಗೊಂದು ಬಲ್ಬು, ಒಳಗೆ ಥಳಥಳಿಸುವ ಮೀನು. ಪ್ರತಿ ತೊಟ್ಟಿಯ ಮೂಲೆಯಲ್ಲೂ ಒಂದೊಂದು ಸ್ಪಂಜು. ಆ ಸ್ಪಂಜುಗಳ ಬಣ್ಣ ಕಂಡದ್ದೇ ಶ್ಯಾಮಲಮ್ಮ ಬಂದ ಕೆಲಸ ಮರೆತಳು. ಕಂದು, ಹಸಿರು, ಲೋಳೆ, ಗಡ್ಡದಂತೆ ಜೋತ ಕೊಳೆ!

"ಥೂ! ಏನಪ್ಪ ಇದು? ಮೀನು ಮಾರೋನು ಇಷ್ಟು ಗಲೀಜಾಗಿ ಇಟ್ಕೊಳ್ಳೋದಾ? ನಾಚ್ಕೆ ಆಗಲ್ವಾ?"

ಜಗನ್‌ಗೆ ನಲವತ್ತರ ಹತ್ತಿರ. ಬೈಗುಳ ತಿಂದು ಅಭ್ಯಾಸವಿದ್ದ ಅಂಗಡಿಯವನು. "ಯಾಕಮ್ಮ, ನಿಮ್ಮನೇಲಿ ಎಷ್ಟು ದಿನಕ್ಕೊಂದ್ಸಲ ತೊಳೀತೀರ?"

"ದಿನಕ್ಕೆರಡ್ಸಲ," ಎಂದಳು ಶ್ಯಾಮಲಮ್ಮ ಎದೆಯುಬ್ಬಿಸಿ. "ಬ್ಲೀಚಿಂಗ್ ಪೌಡ್ರಲ್ಲಿ."

ಜಗನ್ ಸ್ಟೂಲು ಎಳೆದುಕೊಂಡು ಕೂತ. "ಅಯ್ಯೋ, ಎಂತ ಪನಿ ಚೇಸಿನಾರಮ್ಮಾ! ಎಂಥ ಕೆಲ್ಸ ಮಾಡಿದ್ರಿ! ಎಷ್ಟು ಉಳಿದವೆ?"

ಆ ಪ್ರಶ್ನೆ ನೇರವಾಗಿ ಬಂದದ್ದರಿಂದ ಶ್ಯಾಮಲಮ್ಮ ಸುಳ್ಳು ಹೇಳುವುದನ್ನು ಮರೆತಳು. "ಒಂದು."

"ಮೀನು ತಿನ್ನೋದೂ ಅದೇ ನೀರಲ್ಲಿ, ಹಿಕ್ಕೆ ಹಾಕೋದೂ ಅದೇ ನೀರಲ್ಲಿ. ಆ ಹಿಕ್ಕೆ ವಿಷ ಆಗುತ್ತೆ, ಕಣ್ಣಿಗೆ ಕಾಣಲ್ಲ, ನೀರು ಕನ್ನಡಿ ತರ ಇರುತ್ತೆ. ಆ ವಿಷ ತಿನ್ನೋಕೆ ಸಣ್ಣಸಣ್ಣ ಜೀವ ಬೇಕು. ಅವು ಈ ಸ್ಪಂಜಲ್ಲಿ ಸಂಸಾರ ಮಾಡ್ಕೊಂಡಿರ್ತವೆ. ನೀವು ದಿನಕ್ಕೆರಡ್ಸಲ ಅವ್ರ ಊರಿಗೇ ಬ್ಲೀಚಿಂಗ್ ಹಾಕಿದ್ದೀರ."

"ಅಂದ್ರೆ ಕೊಳೇನ ಸಾಕ್ಬೇಕಾ?"

"ಸಾಕ್ಬೇಕಮ್ಮ. ಹೊಸ ಮೀನು ಕೇಳ್ಬೇಡಿ, ನಾನು ಕೊಡಲ್ಲ. ಈಗ ಹೊಸವು ಬಿಟ್ರೆ ಅವೂ ಹೋಗ್ತವೆ, ಇರೋದೂ ಹೋಗುತ್ತೆ. ಈ ಹಳೇ ಸ್ಪಂಜಲ್ಲಿ ಒಂದು ತುಂಡು ಕೊಡ್ತೀನಿ. ನಿಮ್ದಕ್ಕೆ ಕಟ್ಟಿ. ಹಾಲಿಗೆ ಹೆಪ್ಪು ಹಾಕ್ದಂಗೆ ಅನ್ಕೊಳಿ, ಇದ್ರಿಂದ ಅದು ಹಿಡ್ಕೊಳ್ಳುತ್ತೆ."

ಹೆಪ್ಪು ಎಂಬ ಮಾತು ಕೇಳಿದ್ದೇ ಶ್ಯಾಮಲಮ್ಮ ರಸ್ತೆಯ ಕಡೆ ತಿರುಗಿದಳು. ಎದುರಿನ ದಿನಸಿ ಅಂಗಡಿಯಲ್ಲಿ ಊದುಬತ್ತಿ ಹಚ್ಚಿ ದೀಪ ಮುಟ್ಟಿಸುತ್ತಿದ್ದರು. "ದೀಪ ಹಚ್ಚೋ ಹೊತ್ತಾಯ್ತಲ್ಲಪ್ಪ. ಈ ಹೊತ್ನಲ್ಲಿ ಹೆಪ್ಪು ಕೊಡೋರೂ ಇಲ್ಲ, ತಗೊಳ್ಳೋರೂ ಇಲ್ಲ."

"ನನ್ ಅಂಗಡೀಲಿ ಬೆಳಗ್ಗೆಯಿಂದ ಲೈಟ್ ಹಚ್ಚೇ ಐತಮ್ಮ. ನಾಳೆ ಬಂದ್ರೂ ಹಚ್ಚೇ ಇರುತ್ತೆ. ನಾಳೆವರ್ಗೂ ನಿಮ್ ಮೀನು ಕಾಯುತ್ತಾ, ಅದು ಹೇಳಿ."

ಶ್ಯಾಮಲಮ್ಮ ಕೈ ಚಾಚಿದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಕೊಳಕು ನೀರಿನಲ್ಲಿ ಕೊಳಕು ಸ್ಪಂಜಿನ ತುಂಡು ತೇಲುತ್ತಿದ್ದ ಚೀಲವನ್ನು ಆಕೆ ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದುಕೊಂಡಳು. ಕುಲುಕಿದಾಗಲೆಲ್ಲ ಎದೆಗೆ ಒತ್ತಿಕೊಂಡಳು. ಪಕ್ಕದ ಹೆಂಗಸು ಮೂಗು ಮುಚ್ಚಿ, "ಏನಕ್ಕ ಅದು?" ಎಂದಳು. "ಪ್ರಸಾದ," ಎಂದಳು ಶ್ಯಾಮಲಮ್ಮ.

ಆಮೇಲೆ ನಡೆದದ್ದು ತಪಸ್ಸು. ಜಗನ್ ವಿಧಿಸಿದ ನೇಮ ಸುಲಭದ್ದೇ ಆಗಿತ್ತು. ಒಂದು ದಿನ ಬಕೆಟ್ಟಿನಲ್ಲಿ ಇಟ್ಟ ನೀರಿನಿಂದ ದಿನವೂ ತೊಟ್ಟಿಯ ಕಾಲುಭಾಗ ಬದಲಿಸಬೇಕು. ಊಟ ಕಮ್ಮಿ. ಸ್ಪಂಜಿಗೆ ಕೈ ಹಚ್ಚಬಾರದು. ಎಂದಾದರೂ ಗುಳ್ಳೆ ಕುಗ್ಗಿದರೆ ತೊಟ್ಟಿಯ ನೀರನ್ನೇ ಬಕೆಟ್ಟಿಗೆ ತೆಗೆದು ಅದರಲ್ಲಿ ಒಂದೆರಡು ಸಲ ಹಿಂಡಿದರೆ ಮುಗಿಯಿತು. ಮೊದಲಿನೆರಡು ಮಾಡುವ ಕೆಲಸಗಳು, ಶ್ಯಾಮಲಮ್ಮ ಚಿಟಿಕೆಯಲ್ಲಿ ಮಾಡಿದಳು. ಮಾಡದಿರುವ ಕೆಲಸ ಮಾತ್ರ ಬೆನ್ನು ಮುರಿಯಿತು. ದಾರದಲ್ಲಿ ಕಟ್ಟಿದ್ದ ಹಳೇ ತುಂಡಿನಿಂದ ಕಂದುಬಣ್ಣ ನಿಧಾನವಾಗಿ ಹೊಸ ಸ್ಪಂಜಿಗೆ ಹಬ್ಬತೊಡಗಿತು. ಅವಳ ಮನೆಯ ನಟ್ಟನಡುವೆ, ದೇವರ ಪಟದ ಕೆಳಗೆ, ಹಾಡಹಗಲೇ. ನೋಡದಿರೋಣವೆಂದು ಹಿತ್ತಲಿಗೆ ಹೋಗಿ ಆಗಲೇ ತೊಳೆದಿದ್ದ ಕೊಡಗಳನ್ನು ಮತ್ತೆ ತೊಳೆದಳು. ಎಮ್ಮೆಗೆ ಒಂದೇ ದಿನ ಎರಡು ಸಲ ಮೈ ತೊಳೆದಳು. ಎಮ್ಮೆ ತಬ್ಬಿಬ್ಬಾಯಿತು. ಮುನಿಶಾಮಪ್ಪ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ತಿರುಗುವಷ್ಟರಲ್ಲಿ ಅದು ತಂತಿಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು.

"ನನ್ನೂ ಒಂದ್ಸಲ ಹಿಂಡಿ ಒಣಗಾಕ್ಬಿಡು," ಎಂದ ಆತ. "ಆ ಮೀನು ಬದ್ಕೊಳ್ಲಿ."

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಸ್ಪಂಜಿನ ಮೇಲೆ ಲೋಳೆಯ ಒಂದು ಎಳೆ ಅಲ್ಲಾಡುತ್ತ ಅವಳನ್ನೇ ಅಣಕಿಸುತ್ತಿತ್ತು. ಕೈ ತಾನಾಗಿಯೇ ಮೊಣಕೈವರೆಗೆ ನೀರಿಗೆ ಇಳಿಯಿತು. ಬೆರಳು ಸ್ಪಂಜಿಗೆ ತಾಗುವಷ್ಟರಲ್ಲಿ ಗೌಡ್ರು ತೊಟ್ಟಿಯ ಮೂಲೆಯಲ್ಲಿ, ತಲೆಯನ್ನು ಸ್ವಲ್ಪ ಎತ್ತಿಕೊಂಡು, ಅಲುಗದೆ ನಿಂತಿದ್ದುದು ಕಣ್ಣಿಗೆ ಬಿತ್ತು. ಆ ಭಂಗಿಯನ್ನು ಶ್ಯಾಮಲಮ್ಮ ಜೀವಮಾನವಿಡೀ ನೋಡಿದ್ದಳು. ತಟ್ಟೆ ತಟ್ಟೆಯ ಮೇಲೆ, ಸಾವಿರ ಸಾವಿರ ಹುಳುಗಳಲ್ಲಿ. ಆಗ ಹೊಸ್ತಿಲಾಚೆ ಕೈಕಟ್ಟಿ ಕೂರಲು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗೋಡೆಯ ಕಡೆ ಹೊರಳಿ, ಊಟ ಬಿಟ್ಟು, ಮಾತು ಬಿಟ್ಟು ಮಲಗಿದ್ದ ಹುಡುಗಿಯೂ ನೆನಪಾದಳು. ಆ ಕೋಣೆಗೆ ತಾನು ದಿನಕ್ಕೆ ಎಷ್ಟು ಸಲ ಪೊರಕೆ ಹಿಡಿದು ನುಗ್ಗಿದ್ದೆ ಎಂಬುದೂ.

ಶ್ಯಾಮಲಮ್ಮ ಕೈ ಹೊರಗೆ ತೆಗೆದು ಸೆರಗಿಗೆ ಒರೆಸಿಕೊಂಡಳು. ಸಂಜೆ ಮಗ ಬಂದಾಗ ಕೇಳದಿದ್ದರೂ ಹೇಳಿದಳು, "ಸುನೀಲಪ್ಪ, ಅವ್ಳು ಜ್ವರಕ್ಕೆ ಕೂತಿದ್ದಳು ಕಣೋ. ನಾನು ತಟ್ಟೆ ಅಲ್ಲಾಡಿಸ್ಬಿಟ್ಟೆ." ಮಗನಿಗೆ ಅರ್ಥವಾಯಿತು. ರೇಷ್ಮೆಯ ಮನೆಯಲ್ಲಿ ಹುಟ್ಟಿದವನು. ತಾಯಿಯ ಮುಂದೆ ಅವನು ಆವರೆಗೂ ತೋರಿಸಿಕೊಳ್ಳದಿದ್ದ ಮುಖವನ್ನು ಸ್ವಲ್ಪ ಹೊತ್ತು ಟವೆಲ್ಲಿನಲ್ಲಿ ಮುಚ್ಚಿಕೊಂಡ. ಅವನದೂ ಮಗುವೇ ಅಲ್ಲವೆ.

ಹರಿತಾ ಬರುವ ದಿನ ಬೆಳಗ್ಗೆಯೇ ಕರೆಂಟು ಹೋಯಿತು. ಗುಂಯ್ ನಿಂತಿತು, ಗುಳ್ಳೆ ನಿಂತವು. ಸ್ವಲ್ಪ ಹೊತ್ತಿಗೆ ಗೌಡ್ರ ಬಾಯಿ ಮತ್ತೆ ನೀರಿನ ಮೇಲ್ಮೈಗೆ ಬಂತು. ಶ್ಯಾಮಲಮ್ಮ ಒಂದು ಗಳಿಗೆ ಯೋಚಿಸಿ, ಅಡಿಗೆಮನೆಯಿಂದ ದೊಡ್ಡ ಲೋಟ ತಂದಳು. ತೊಟ್ಟಿಯ ನೀರನ್ನೇ ಮೊಗೆದು, ಕಾಫಿ ಆರಿಸುವಂತೆ ಎತ್ತರದಿಂದ ನೊರೆ ಬರುವ ಹಾಗೆ ಸುರಿದಳು. ಮತ್ತೆ ಮೊಗೆದಳು, ಮತ್ತೆ ಸುರಿದಳು. ತೋಳು ಸೋತಾಗ ಕೈ ಬದಲಿಸಿದಳು. ನೀರು ಚೆಲ್ಲಿ ಚಪ್ಪಡಿ ಒದ್ದೆ, ನೆಲ ಒದ್ದೆ, ಸೀರೆ ಒದ್ದೆ. ಮುನಿಶಾಮಪ್ಪ ಬಾಗಿಲಲ್ಲಿ ನಿಂತು ಅಣಕಿಸಲು ಬಾಯಿ ತೆರೆದ. ಹೆಂಡತಿಯ ಮುಖ ನೋಡಿ, ಬಾಯಿ ಮುಚ್ಚಿ, ಇನ್ನೊಂದು ಲೋಟ ತರಲು ಹೋದ.

ಆಟೋದಿಂದ ಇಳಿದು ಒಳಗೆ ಬಂದ ಹರಿತಾ ಕಂಡದ್ದು ಇದನ್ನು. ಅತ್ತೆ ಮಾವ ಇಬ್ಬರೂ ತೊಟ್ಟಿಯ ಎರಡು ಬದಿಗೆ ನಿಂತು, ಸರದಿಯಂತೆ ನೀರು ಎತ್ತಿ ಸುರಿಯುತ್ತಿದ್ದರು. ನಡುವೆ ಗೌಡ್ರು ಪೇಟ ಸಮೇತ ಅಭಿಷೇಕ ಮಾಡಿಸಿಕೊಳ್ಳುತ್ತಿದ್ದರು.

ಮುನಿಶಾಮಪ್ಪ ಲೋಟ ಕೆಳಗಿಟ್ಟು, ಸೊಸೆಯ ಬ್ಯಾಗು ಎತ್ತಿಕೊಂಡು ಒಳಗೆ ಜಾರಿದ. ಶ್ಯಾಮಲಮ್ಮ ಸುರಿಯುವುದನ್ನು ನಿಲ್ಲಿಸಲಿಲ್ಲ. ತಿರುಗಿಯೂ ನೋಡದೆ ಹೇಳಿದಳು, "ನಾಲ್ಕು ಸತ್ಹೋದ್ವಮ್ಮ. ತೊಳೆದೂ ತೊಳೆದೂ ನಾನೇ ಸಾಯಿಸ್ದೆ. ಕಲ್ಲಿನ ಹಿಂದೆ ಯಾರೂ ಇಲ್ಲ."

"ಗೊತ್ತಿತ್ತು ಅತ್ತೆ. ಕಲ್ಲು ಅಷ್ಟು ದೊಡ್ಡದಿಲ್ಲ." ಹರಿತಾ ಹತ್ತಿರ ಬಂದು ಬಗ್ಗಿದಳು. ಅವಳ ಕಣ್ಣು ಗೌಡ್ರ ಮೇಲಿಂದ ಮೂಲೆಯ ಸ್ಪಂಜಿಗೆ ಹೋಗಿ ಅಲ್ಲೇ ನಿಂತಿತು. ಕಂದುಗಟ್ಟಿದ, ಲೋಳೆಗಟ್ಟಿದ, ದಾರದಲ್ಲಿ ಯಾರದೋ ಕೊಳಕು ತುಂಡನ್ನು ಕಟ್ಟಿಕೊಂಡ ಸ್ಪಂಜು. ಅವಳು ಅತ್ತೆಯ ಮುಖ ನೋಡಿದಳು, ಮತ್ತೆ ಸ್ಪಂಜು ನೋಡಿದಳು. "ಇದನ್ನ ನೀವು... ತೊಳೀದೆ ಬಿಟ್ರಾ?"

"ಹೂಂ."

"ನೀವು?"

"ನಾನೇ ಕಣಮ್ಮ. ಸಾಯೋಷ್ಟು ಕಷ್ಟ ಆಯ್ತು."

ಹರಿತಾಳ ತುಟಿ ಕೊಂಕಿತು. ನಗುವೋ ಏನೋ ಹೇಳುವಂತಿರಲಿಲ್ಲ. ಅಷ್ಟರಲ್ಲಿ ಕರೆಂಟು ಬಂತು. ವೆಂಕಟರಮಣಸ್ವಾಮಿಯ ಎಡಗಡೆಯಿಂದ ಗುಂಯ್ ಎಂದಿತು, ಗುಳ್ಳೆ ಎದ್ದವು. ಶ್ಯಾಮಲಮ್ಮ ಲೋಟ ಇಟ್ಟು ಒಳಗೆ ಹೋದಳು. ಟ್ರಂಕಿನ ಮುಚ್ಚಳ ತೆರೆದ ಸದ್ದು ಕೇಳಿಸಿತು. ಬಂದವಳು ಸೊಸೆಯ ಎದುರಿಗೆ ಒದ್ದೆ ನೆಲದ ಮೇಲೇ ಕೂತು ಅಂಗೈ ಬಿಚ್ಚಿದಳು.

ಅರಿಶಿನದ ಟೋಪಿ. ಅರ್ಧ ಬಣ್ಣ ಹಾರಿದ್ದು.

"ಇದನ್ನೂ ತೊಳೆದ್ಬಿಟ್ಟೆ. ಕೊಡೋಕೆ ಮುಖ ಇರ್ಲಿಲ್ಲ."

ಹರಿತಾ ಟೋಪಿಯನ್ನು ತೆಗೆದುಕೊಂಡು ತನ್ನ ಮುಷ್ಟಿಯ ಮೇಲೆ ತೊಡಿಸಿದಳು. ಸರಿಯಾಗಿ ಕೂತಿತು. ಬಣ್ಣ ಹೋದ ಕಡೆ ಹೆಬ್ಬೆರಳಿನಿಂದ ಸವರಿದಳು. ಆಮೇಲೆ, ಆಸ್ಪತ್ರೆಯಲ್ಲೂ ಸುಣ್ಣ ಹೊಡೆದ ಕೋಣೆಯಲ್ಲೂ ಬಾರದಿದ್ದ ಅಳು ಬಂತು. ಮೊದಲು ಸದ್ದಿಲ್ಲದೆ, ಆಮೇಲೆ ಬೀದಿಯವರೆಗೂ ಕೇಳುವಂತೆ.

ಶ್ಯಾಮಲಮ್ಮನ ಕೈ ಅಭ್ಯಾಸಬಲದಿಂದ ಸೆರಗು ಹಿಡಿದು ಆ ಮುಖ ಒರೆಸಲು ಮೇಲೆದ್ದಿತು. ಅರ್ಧದಾರಿಯಲ್ಲಿ ನಿಂತಿತು. ಹಿಂದಕ್ಕೆ ಬಂದು ತೊಡೆಯ ಮೇಲೆ ಮಡಿಚಿಕೊಂಡು ಕೂತಿತು. ಹರಿತಾಳ ಕಣ್ಣು ಮೂಗು ಸುರಿಯುತ್ತಿತ್ತು, ನೆಲದ ತುಂಬ ನೀರಿತ್ತು, ಅದರಲ್ಲಿ ಆಟೋದಿಂದ ಬಂದ ಕೆಂಪು ಮಣ್ಣಿನ ಹೆಜ್ಜೆಗಳಿದ್ದವು. ಒರೆಸುವ ಬಟ್ಟೆ ಕೈಗೆಟುಕುವಷ್ಟು ದೂರದಲ್ಲಿ ಬಿದ್ದಿತ್ತು.

ಒಳಗಿನಿಂದ ಮುನಿಶಾಮಪ್ಪ ಮೆಲ್ಲಗೆ ಕೇಳಿದ, "ಏನೇ, ಬಟ್ಟೆ ತರ್ಲಾ?"

"ಬೇಡ," ಎಂದಳು ಶ್ಯಾಮಲಮ್ಮ, ಹುಳುಮನೆಯ ಹೊಸ್ತಿಲಲ್ಲಿ ಮಾತಾಡುವಷ್ಟು ಸಣ್ಣ ದನಿಯಲ್ಲಿ. "ಇರ್ಲಿ."